‘ಮಿಸ್, ಉತ್ತರ ಯಾವ ಸಾಲಲ್ಲಿದೆ?’

ಈ ಎರಡು ವಾಕ್ಯಗಳನ್ನು ಒಮ್ಮೆ ಓದಿ.

‘ಗಿಮ್ಮುಳಿಯು ತೊರಲಿನ ಮೇಲೆ ಬಡಿಕಿತು. ಅದನ್ನು ಕಂಡ ನಾರ್ಪನು ಚಿವುರನೆ ಮೊಸಕಿದನು.’

ಈಗ ಪ್ರಶ್ನೆಗಳು. ಗಿಮ್ಮುಳಿಯು ಯಾವುದರ ಮೇಲೆ ಬಡಿಕಿತು? ತೊರಲಿನ ಮೇಲೆ. ಅದನ್ನು ಕಂಡವರು ಯಾರು? ನಾರ್ಪ. ಕಂಡು ಏನು ಮಾಡಿದನು? ಚಿವುರನೆ ಮೊಸಕಿದನು. ಮೂರಕ್ಕೆ ಮೂರು ಅಂಕ, ಬೇಕಾದರೆ ಪಕ್ಕದಲ್ಲಿ ‘ಗುಡ್’ ಅಂತಲೂ ಬರೆಯಬಹುದು. ಗಿಮ್ಮುಳಿ ಹಕ್ಕಿಯೋ ಹುಳುವೋ ಯಾರಿಗೂ ಗೊತ್ತಿಲ್ಲ. ನನಗೂ ಗೊತ್ತಿಲ್ಲ, ಬಾಯಿಗೆ ಬಂದಂತೆ ಕಟ್ಟಿದ ಪದ ಅದು. ವಿಭಕ್ತಿ ಪ್ರತ್ಯಯ ಎಲ್ಲಿ ಅಂಟಿದೆ ಎಂದು ಕಂಡರೆ ಸಾಕು, ಉತ್ತರ ತಾನಾಗಿ ಕೈಗೆ ಬರುತ್ತದೆ.

ಹೊಸದಾಗಿ ಸೇರಿದ ಭಾಷಾ ಶಿಕ್ಷಕರ ಜೊತೆ ಕೂತಾಗ ನಾನು ಮೊದಲು ಬೋರ್ಡಿನ ಮೇಲೆ ಬರೆಯುವುದು ಇದನ್ನೇ. ಎಲ್ಲರೂ ನಗುತ್ತಾರೆ. ಆಮೇಲೆ ಅವರವರ ಹಳೆಯ ಪ್ರಶ್ನೆಪತ್ರಿಕೆ ತೆಗೆದು, ಅದರಲ್ಲಿ ಗಿಮ್ಮುಳಿ ಪ್ರಶ್ನೆಗಳೆಷ್ಟಿವೆ ಎಂದು ಟಿಕ್ ಹಾಕಲು ಹೇಳುತ್ತೇನೆ. ಪುಟ ಮುಗಿಯುವ ಹೊತ್ತಿಗೆ ಯಾರೂ ನಗುತ್ತಿರುವುದಿಲ್ಲ.

ಮಕ್ಕಳು ಈ ಗುಟ್ಟನ್ನು ನಮಗಿಂತ ಮೊದಲೇ ಕಂಡುಕೊಂಡಿರುತ್ತಾರೆ. ಪ್ರಶ್ನೆಯಲ್ಲಿರುವ ದೊಡ್ಡ ಪದ ಹಿಡಿ, ಪಾಠದಲ್ಲಿ ಅದೇ ಪದ ಎಲ್ಲಿದೆ ನೋಡು, ಆ ಸಾಲನ್ನು ಹಾಗೇ ಇಳಿಸು. ‘ಏಕೆ’ ಎಂದು ಕೇಳಿದ್ದರೆ ‘ಆದ್ದರಿಂದ’ ಇರುವ ಸಾಲು ಹುಡುಕು. ಎರಡೂ ಸಿಗದಿದ್ದರೆ ಆ ಪ್ಯಾರಾದ ಮೊದಲ ಎರಡು ಸಾಲು ಬರೆ, ಅರ್ಧ ಅಂಕವಾದರೂ ಸಿಕ್ಕೀತು. ಪಾಠವನ್ನೇ ಓದದೆ ಅದರ ಪ್ರಶ್ನೋತ್ತರ ಪೂರ್ತಿ ಮುಗಿಸುವ ಹುಡುಗರನ್ನು ನಾನು ಬಲ್ಲೆ. ಅವರನ್ನು ದಡ್ಡರೆನ್ನಲು ನನಗೆ ಬಾಯಿ ಬರುವುದಿಲ್ಲ. ಕಡಿಮೆ ಶ್ರಮದಲ್ಲಿ ಕೆಲಸ ಮುಗಿಸುವ ದಾರಿ ಕಂಡುಕೊಂಡವರು ಅವರು. ದಾರಿ ಮಾಡಿಕೊಟ್ಟದ್ದು ಪ್ರಶ್ನೆ ಕೇಳುವವರು.

ಹಾಗಾಗಿ ಆರು, ಏಳು, ಎಂಟನೇ ತರಗತಿಯಲ್ಲಿ ‘ಅವಳು ಯಾಕೆ ಹಾಗೆ ಮಾಡಿರಬಹುದು?’ ಎಂದು ಕೇಳಿದರೆ ಬರುವ ಮರುಪ್ರಶ್ನೆ ಒಂದೇ: ‘ಮಿಸ್, ಉತ್ತರ ಯಾವ ಸಾಲಲ್ಲಿದೆ?’ ಯಾವ ಸಾಲಲ್ಲೂ ಇಲ್ಲ ಎಂದರೆ ಹಿಂದಿನ ಬೆಂಚಿನಿಂದ ಇನ್ನೊಂದು: ‘ಹಾಗಾದ್ರೆ ಔಟ್ ಆಫ್ ಸಿಲಬಸ್ಸಾ ಮಿಸ್?’

ಈ ವಯಸ್ಸಿನ ಮಕ್ಕಳಿಗೆ ಊಹಿಸಿ ಅರಿಯುವ ಶಕ್ತಿ ಬೆಳೆದಿರುವುದಿಲ್ಲ ಎಂಬ ಮಾತನ್ನು ಸ್ಟಾಫ್‌ರೂಮಿನಲ್ಲಿ ಆಗಾಗ ಕೇಳುತ್ತೇನೆ. ಒಪ್ಪುವುದು ಕಷ್ಟ. ಕಾರಿಡಾರಿನಲ್ಲಿ ಹೆಜ್ಜೆ ಸಪ್ಪಳ ಕೇಳಿಯೇ ಯಾವ ಟೀಚರ್ ಬರುತ್ತಿದ್ದಾರೆ, ಇವತ್ತು ಅವರ ಮೂಡ್ ಹೇಗಿದೆ ಎಂದು ಹೇಳಬಲ್ಲವರು ಇವರು. ದಿನಾ ಉದ್ದುದ್ದ ಮೆಸೇಜ್ ಹಾಕುವ ಗೆಳತಿ ಬರೀ ‘ಸರಿ’ ಎಂದು ಕಳಿಸಿದರೆ ಅವಳಿಗೆ ಕೋಪ ಬಂದಿದೆ ಎಂದು ಅರೆಕ್ಷಣದಲ್ಲಿ ತಿಳಿಯುತ್ತದೆ. ಮನುಷ್ಯರ ವಿಷಯದಲ್ಲಿ ಹೇಳದೆ ಬಿಟ್ಟದ್ದನ್ನು ಹಿಡಿಯುವುದು ಇವರಿಗೆ ನೀರು ಕುಡಿದಷ್ಟು ಸುಲಭ. ಪುಸ್ತಕ ತೆರೆದೊಡನೆ ಆ ಬುದ್ಧಿಯನ್ನು ಬ್ಯಾಗಿನಲ್ಲಿಟ್ಟುಬಿಡುತ್ತಾರೆ, ಏಕೆಂದರೆ ಪುಸ್ತಕ ಎಂದರೆ ಎಲ್ಲವನ್ನೂ ಬಾಯಿಬಿಟ್ಟು ಹೇಳುವ ವಸ್ತು ಎಂದು ಅವರು ನಂಬಿದ್ದಾರೆ. ಹಾಗೆ ನಂಬಿಸಿದ್ದು ಐದಾರು ವರ್ಷಗಳ ಶಾಲೆ.

ಇದೇ ವಯಸ್ಸಿನಲ್ಲಿ ಪಠ್ಯಗಳ ಸ್ವಭಾವವೂ ಬದಲಾಗುತ್ತದೆ. ಸಣ್ಣ ತರಗತಿಯ ಕಥೆ ‘ಅವನಿಗೆ ತುಂಬ ಬೇಸರವಾಯಿತು’ ಎನ್ನುತ್ತದೆ, ಪಕ್ಕದಲ್ಲಿ ಅಳುಮುಖದ ಚಿತ್ರವೂ ಇರುತ್ತದೆ. ಏಳನೇ ತರಗತಿಯ ಕಥೆ ‘ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ’ ಎಂದು ಹೇಳಿ ಮುಂದೆ ಹೋಗಿಬಿಡುತ್ತದೆ. ಬೇಸರ ಎಂಬ ಪದ ಎಲ್ಲೂ ಇಲ್ಲ. ಹೀಗೆ ಬದಲಾಗುತ್ತದೆ ಎಂದು ಮಕ್ಕಳಿಗೆ ಯಾರೂ ಹೇಳಿರುವುದಿಲ್ಲ.

ಡೊಲೊರೆಸ್ ಡರ್ಕಿನ್ ಎಂಬ ಅಮೆರಿಕದ ಸಂಶೋಧಕಿ 1970ರ ದಶಕದಲ್ಲಿ ನಾಲ್ಕನೇ ತರಗತಿಗಳಲ್ಲಿ ಕೂತು, ಓದಿನ ಪಿರಿಯಡ್ಡುಗಳಲ್ಲಿ ನಿಜಕ್ಕೂ ಏನು ನಡೆಯುತ್ತದೆ ಎಂದು ನಿಮಿಷ ನಿಮಿಷ ದಾಖಲಿಸಿದರು. 1978-79ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ 4,469 ನಿಮಿಷಗಳ ಓದಿನ ತರಗತಿಯಲ್ಲಿ, ಓದಿದ್ದನ್ನು ಅರ್ಥಮಾಡಿಕೊಳ್ಳುವುದು ಹೇಗೆಂದು ಕಲಿಸಿದ್ದು ಬರೀ 20 ನಿಮಿಷ. ಉಳಿದ ಹೊತ್ತು ಶಿಕ್ಷಕರು ಸುಮ್ಮನೆ ಕೂತಿರಲಿಲ್ಲ. ಪ್ರಶ್ನೆ ಕೇಳುತ್ತಿದ್ದರು, ವರ್ಕ್‌ಶೀಟ್ ಕೊಡುತ್ತಿದ್ದರು, ಉತ್ತರ ಸರಿಯೋ ತಪ್ಪೋ ನೋಡುತ್ತಿದ್ದರು. ಅಂದರೆ ಅರ್ಥವಾಗಿದೆಯೇ ಎಂದು ಪರೀಕ್ಷೆ ನಡೆಯುತ್ತಿತ್ತು, ಪಾಠ ನಡೆಯುತ್ತಿರಲಿಲ್ಲ. ಆ ಲೆಕ್ಕಕ್ಕೆ ನಲವತ್ತು ವರ್ಷ ದಾಟಿದೆ, ದೇಶವೂ ಬೇರೆ. ಆದರೂ ಓದುವಾಗ ಇದು ನನ್ನದೇ ಶಾಲೆಯ ಟೈಮ್‌ಟೇಬಲ್ ಅನ್ನಿಸಿತು. ಹತ್ತು ಪ್ರಶ್ನೆ ಕೇಳಿ ಆರಕ್ಕೆ ತಪ್ಪು ಉತ್ತರ ಬಂದರೆ ಇನ್ನೂ ಹತ್ತು ಪ್ರಶ್ನೆ ಕೊಡುತ್ತೇವೆ. ಈಜು ಬರದವನನ್ನು ಮತ್ತೆ ಮತ್ತೆ ನೀರಿಗೆ ತಳ್ಳಿ ಎಷ್ಟು ಹೊತ್ತು ತೇಲಿದ ಎಂದು ಗಡಿಯಾರ ನೋಡಿದಂತೆ.

ಮುಂದೆ ಹೋಗುವ ಮೊದಲು ಒಂದು ವಿಷಯ ಬೇಗ ಮುಗಿಸುತ್ತೇನೆ. ಅಕ್ಷರ ಕೂಡಿಸಿ ಓದುವುದಕ್ಕೇ ಏದುಸಿರು ಬಿಡುವ ಮಗುವಿನ ಹತ್ತಿರ ಒಳಾರ್ಥದ ಮಾತೆತ್ತುವುದು ಅನ್ಯಾಯ. 1986ರಲ್ಲಿ ಗಫ್ ಮತ್ತು ಟನ್ಮರ್ ಎಂಬ ಸಂಶೋಧಕರು ಒಂದು ಸರಳ ಸೂತ್ರ ಕೊಟ್ಟರು: ಓದಿನ ಗ್ರಹಿಕೆ ಎಂದರೆ ಬರಹವನ್ನು ಬಿಡಿಸಿ ಓದುವ ಶಕ್ತಿ ಮತ್ತು ಮಾತನ್ನು ಅರಿಯುವ ಶಕ್ತಿ, ಇವೆರಡರ ಗುಣಲಬ್ಧ. ಮೊತ್ತವಲ್ಲ. ಯಾವುದೇ ಒಂದು ಸೊನ್ನೆಯಾದರೂ ಫಲ ಸೊನ್ನೆ. ನಾನು ಮಾಡುವುದು ಇಷ್ಟೇ: ಯಾವ ಮಗುವಿನ ಬಗ್ಗೆ ಅನುಮಾನ ಬರುತ್ತದೋ ಅದಕ್ಕೆ ಪಠ್ಯವನ್ನು ನಾನೇ ಓದಿ ಹೇಳಿ, ಬಾಯಿಮಾತಿನಲ್ಲೇ ಪ್ರಶ್ನೆ ಕೇಳುತ್ತೇನೆ. ಕೇಳಿಸಿಕೊಂಡಾಗ ಚೆನ್ನಾಗಿ ಉತ್ತರಿಸಿದರೆ ತೊಡಕು ಅಕ್ಷರದಲ್ಲಿದೆ, ಅದಕ್ಕೆ ಮದ್ದೇ ಬೇರೆ. ಕೇಳಿಸಿಕೊಂಡರೂ ಹೊಳೆಯದಿದ್ದರೆ ಈ ಬರಹ ಅವರ ಕುರಿತದ್ದು. ಅವರು ಕಣ್ಣಿಗೆ ಬೀಳುವುದು ಕಷ್ಟ, ಏಕೆಂದರೆ ಹಲವರು ಗಟ್ಟಿಯಾಗಿ ಓದು ಎಂದರೆ ಎಲ್ಲೂ ತಡವರಿಸದೆ ಓದುತ್ತಾರೆ. ಅವರ ಓದು ಕೇಳಿ ನಾವು ನಿಶ್ಚಿಂತರಾಗಿಬಿಡುತ್ತೇವೆ.

ಇನ್ನು ತರಗತಿಯ ಮಾತು. ನಾನು ಬಹಳ ಸಲ ಬಳಸುವ ಒಂದು ಸಣ್ಣ ತುಣುಕು ಇದೆ, ಇದೂ ನಾನೇ ಬರೆದುಕೊಂಡದ್ದು:

‘ರೇಖಾ ಮನೆಗೆ ಬಂದಾಗ ಅಣ್ಣನ ಸೈಕಲ್ ಆಗಲೇ ಗೇಟಿನ ಒಳಗಿತ್ತು. ಅವನ ಕೋಣೆಯ ಬಾಗಿಲು ಮುಚ್ಚಿತ್ತು. ಹಾಡು ಕೇಳಿಸುತ್ತಿರಲಿಲ್ಲ. ಮೇಜಿನ ಮೇಲೆ ಒಡೆದ ಲಕೋಟೆಯೊಂದು ಬಿದ್ದಿತ್ತು. “ಈ ಸಲವೂ ಹಾಗೇ ಆಯ್ತು” ಎಂದು ಫೋನಿನಲ್ಲಿ ಹೇಳುತ್ತಿದ್ದ ಅಮ್ಮ ರೇಖಾಳನ್ನು ಕಂಡು ಮಾತು ನಿಲ್ಲಿಸಿದಳು. ರೇಖಾ ಕೈಯಲ್ಲಿದ್ದ ಪ್ರಶಸ್ತಿಪತ್ರವನ್ನು ಮೆಲ್ಲಗೆ ಬ್ಯಾಗಿನೊಳಗೆ ಸೇರಿಸಿದಳು.’

ಆರೇ ವಾಕ್ಯ. ಒಂದೂ ಕಠಿಣ ಪದವಿಲ್ಲ. ಓದಿ ಮುಗಿಸಿದ ಮೇಲೆ ‘ಏನಾಗಿದೆ?’ ಎಂದಷ್ಟೇ ಕೇಳುತ್ತೇನೆ.

ಮೊದಲು ಬರುವ ಉತ್ತರಗಳು ಪಠ್ಯವನ್ನೇ ಮರಳಿ ಹೇಳುವಂಥವು: ರೇಖಾ ಮನೆಗೆ ಬಂದಳು, ಅಮ್ಮ ಫೋನಿನಲ್ಲಿದ್ದಳು. ಆಮೇಲೆ ಒಬ್ಬ ‘ಅಣ್ಣ ಮಲಗಿದ್ದಾನೆ’ ಎನ್ನುತ್ತಾನೆ. ಇನ್ನೊಬ್ಬ ‘ಕರೆಂಟ್ ಹೋಗಿದೆ, ಅದಕ್ಕೇ ಹಾಡಿಲ್ಲ’ ಎನ್ನುತ್ತಾನೆ. ‘ಅಣ್ಣನ ರಿಸಲ್ಟ್ ಬಂದಿದೆ, ಫೇಲು’ ಎಂದು ಒಂದಿಬ್ಬರು ಹೇಳಿದೊಡನೆ ಜಾಣರು ಎನಿಸಿಕೊಂಡವರೆಲ್ಲ ಅದನ್ನೇ ಹಿಡಿದುಕೊಳ್ಳುತ್ತಾರೆ. ಸಿನಿಮಾ ಹುಚ್ಚಿನವನೊಬ್ಬ ಪ್ರಶಸ್ತಿಪತ್ರವೇ ನಕಲಿ ಎನ್ನುತ್ತಾನೆ. ಒಮ್ಮೆ ಒಬ್ಬ ಹುಡುಗಿ ಹೇಳಿದ ಉತ್ತರ ನನಗೆ ಇವತ್ತಿಗೂ ಇಷ್ಟ: ‘ಲಕೋಟೆ ರೇಖಾಳ ಸ್ಕೂಲಿಂದ ಬಂದಿರೋದು ಮಿಸ್. ಅವಳ ಮೇಲೆ ಕಂಪ್ಲೇಂಟು. ಹಿಂದೇನೂ ಬಂದಿತ್ತು. ಅದಕ್ಕೇ ಅಮ್ಮ ಅವಳನ್ನ ನೋಡಿ ಮಾತು ನಿಲ್ಲಿಸಿದ್ದು.’

ಎಷ್ಟು ಒಳ್ಳೆಯ ಉತ್ತರ ನೋಡಿ. ಲಕೋಟೆ, ‘ಈ ಸಲವೂ’, ಅಮ್ಮ ಮಾತು ನಿಲ್ಲಿಸಿದ್ದು, ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿದ್ದಾಳೆ. ‘ಫೇಲು’ ಎಂದವರು ಇಷ್ಟು ಜೋಡಿಸಿರಲಿಲ್ಲ. ಅವರು ಇಂಥ ಕಥೆಗಳನ್ನು ಕೇಳಿದ ರೂಢಿಯಿಂದ ಥಟ್ಟನೆ ಹೇಳಿದ್ದರು. ಇಂಥ ಹೊತ್ತಿನಲ್ಲಿ ಶಿಕ್ಷಕರಿಗೆ ಎರಡು ಆಸೆ ಹುಟ್ಟುತ್ತವೆ. ಒಂದು, ‘ಅದು ಹಾಗಲ್ಲ’ ಎಂದು ಸರಿ ಉತ್ತರ ಹೇಳಿಬಿಡುವುದು. ಇನ್ನೊಂದು, ‘ವೆರಿ ಗುಡ್, ಎಲ್ಲರ ಉತ್ತರವೂ ಸರಿ’ ಎಂದು ಮುಂದೆ ಹೋಗುವುದು. ಎರಡನೆಯದು ಹೆಚ್ಚು ಅಪಾಯ. ಮಕ್ಕಳ ಮನಸ್ಸು ನೋಯಿಸಬಾರದೆಂಬ ಒಳ್ಳೆಯತನದಿಂದಲೇ ಅದು ಹುಟ್ಟುವುದು, ಆದರೆ ಎಲ್ಲವೂ ಸರಿ ಎಂದ ಮೇಲೆ ಪಠ್ಯವನ್ನು ಮತ್ತೆ ನೋಡುವ ಅಗತ್ಯ ಯಾರಿಗಿದೆ? ಗಿಮ್ಮುಳಿ ಪ್ರಶ್ನೆಯಲ್ಲಿ ಯೋಚಿಸದೆ ಸಾಲು ಇಳಿಸಿದವರು ಇಲ್ಲಿ ಸಾಲೇ ನೋಡದೆ ಕಥೆ ಕಟ್ಟತೊಡಗುತ್ತಾರೆ.

ನಾನು ಕೇಳುವುದು ಬೇರೆ: ‘ನೀನು ಹೇಳಿದ್ದಕ್ಕೆ ಒಗ್ಗದೆ ಉಳಿದ ಸಾಲು ಯಾವುದು?’

ಇದೊಂದೇ ಪ್ರಶ್ನೆ ಸಾಕು, ತರಗತಿ ತಾನೇ ಕೆಲಸಕ್ಕಿಳಿಯುತ್ತದೆ. ಕರೆಂಟ್ ಹೋಗಿದ್ದರೆ ಹಾಡು ನಿಂತದ್ದಕ್ಕೆ ಕಾರಣ ಸಿಕ್ಕಿತು. ಲಕೋಟೆಗೆ ಸಿಗಲಿಲ್ಲ, ಅಮ್ಮನ ಮಾತಿಗೆ ಸಿಗಲಿಲ್ಲ, ಪ್ರಶಸ್ತಿಪತ್ರ ಒಳಗೆ ಹೋದದ್ದಕ್ಕೆ ಮೊದಲೇ ಇಲ್ಲ. ಅಣ್ಣ ಮಲಗಿದ್ದರೂ ಅಷ್ಟೆ. ಕಂಪ್ಲೇಂಟ್ ಎಂದ ಹುಡುಗಿ ತಾನೇ ಪುಸ್ತಕ ನೋಡಿ, ‘ಹಾಗಾದ್ರೆ ಅಣ್ಣ ಯಾಕೆ ಬಾಗಿಲು ಹಾಕ್ಕೊಂಡಿದಾನೆ?’ ಎಂದು ತನ್ನ ಉತ್ತರಕ್ಕೆ ತಾನೇ ಅಡ್ಡ ಹಾಕಿದಳು. ಯಾರೂ ಅವಳನ್ನು ತಪ್ಪು ಎನ್ನಬೇಕಾಗಲಿಲ್ಲ. ಇನ್ನೊಬ್ಬ ‘ಲೇಟ್ ಆಗಿ ಬರೋನು ಬೇಗ ಬಂದಿದಾನೆ’ ಎಂದ. ಎಲ್ಲಿದೆ ಅದು? ‘ಆಗಲೇ’ ಅಂತ ಇದೆಯಲ್ಲ ಮಿಸ್.

ಈ ಹಂತದಲ್ಲಿ ಒಂದು ಸಾಲಿನ ಹತ್ತಿರ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ‘ಹಾಡು ಕೇಳಿಸುತ್ತಿರಲಿಲ್ಲ.’ ಆ ಮನೆಯಲ್ಲಿ ಆನೆಯೂ ಇರಲಿಲ್ಲ, ವಿಮಾನವೂ ಇರಲಿಲ್ಲ. ಅವನ್ನು ಬರೆಯದೆ ಹಾಡು ಇರಲಿಲ್ಲ ಎಂದು ಯಾಕೆ ಬರೆದರು? ಮಕ್ಕಳು ನಗುತ್ತಾರೆ, ಆಮೇಲೆ ಹೊಳೆಯುತ್ತದೆ: ದಿನಾ ಹಾಡು ಇರುತ್ತಿತ್ತು. ಇಲ್ಲದ್ದನ್ನು ಇಲ್ಲ ಎಂದು ಹೇಳಬೇಕಾದರೆ ಅದು ಇರಬೇಕಾಗಿದ್ದ ವಸ್ತು. ಇದನ್ನು ಒಮ್ಮೆ ಕಂಡ ಮಕ್ಕಳು ಮುಂದಿನ ವಾರವಿಡೀ ಎಲ್ಲ ಪಾಠಗಳಲ್ಲೂ ‘ಇರಲಿಲ್ಲ’ ಹುಡುಕಿಕೊಂಡು ತಿರುಗುತ್ತಾರೆ, ಸಮಾಜ ಪಾಠದಲ್ಲೂ ಸಹ.

ಕೊನೆಗೆ ಅಣ್ಣನಿಗೆ ಏನಾಗಿದೆ? ಪರೀಕ್ಷೆಯೋ, ಕೆಲಸದ ಇಂಟರ್‌ವ್ಯೂವೋ, ತಂಡಕ್ಕೆ ಆಯ್ಕೆಯೋ? ಮಕ್ಕಳಿಗೆ ಇದು ಇತ್ಯರ್ಥವಾಗಲೇಬೇಕು, ನನ್ನ ಮುಖ ನೋಡುತ್ತಾರೆ. ಪಠ್ಯ ಅದನ್ನು ಹೇಳುವುದಿಲ್ಲ, ಸೂಚಿಸುವುದೂ ಇಲ್ಲ. ಅವನು ಕಾಯುತ್ತಿದ್ದ ಯಾವುದೋ ಒಂದು, ಹಿಂದೆ ಆದಂತೆಯೇ, ಈ ಸಲವೂ ಕೈಗೂಡಿಲ್ಲ. ಇಷ್ಟು ಹೇಳಲು ಆಧಾರವಿದೆ. ಅದರಾಚೆಗೆ ಹೋದರೆ ನಮ್ಮ ಕಥೆ, ರೇಖಾಳ ಕಥೆಯಲ್ಲ. ಪಠ್ಯ ಎಲ್ಲಿವರೆಗೆ ಕರೆದೊಯ್ಯುತ್ತದೋ ಅಲ್ಲಿಗೆ ನಿಲ್ಲುವುದನ್ನು ಕಲಿಸುವುದು ಮುಂದೆ ಹೋಗುವುದನ್ನು ಕಲಿಸುವುದಕ್ಕಿಂತ ಕಷ್ಟ ಎಂದು ನನ್ನ ಅನುಭವ. ಹನ್ನೆರಡು ವರ್ಷದ ಮಗುವಿಗೆ ‘ಗೊತ್ತಾಗುವುದಿಲ್ಲ, ಪಠ್ಯದಲ್ಲಿ ಇಲ್ಲ’ ಎಂಬುದೂ ಸರಿಯುತ್ತರ ಆಗಬಹುದು ಎಂದರೆ ಮೋಸದಂತೆ ಕಾಣುತ್ತದೆ.

ಪ್ರಶಸ್ತಿಪತ್ರದ ಸಾಲನ್ನು ಕೊನೆಗೆ ಉಳಿಸಿಕೊಳ್ಳುತ್ತೇನೆ. ಅಲ್ಲಿ ಸಾಮಾನ್ಯವಾಗಿ ಮಾತಾಡುವವರು ಬೇರೆ ಮಕ್ಕಳು, ಯಾವಾಗಲೂ ಕೈ ಎತ್ತುವವರಲ್ಲ. ‘ಈಗ ತೋರಿಸಿದ್ರೆ ಅಣ್ಣಂಗೆ ಇನ್ನೂ ಬೇಜಾರಾಗುತ್ತೆ.’ ‘ಅಮ್ಮಂಗೆ ಖುಷಿ ಪಡೋಕೂ ಆಗಲ್ಲ, ಪಡದೆ ಇರೋಕೂ ಆಗಲ್ಲ.’ ಎಲ್ಲಿಂದ ಗೊತ್ತಾಯ್ತು ಎಂದರೆ ‘ಮೆಲ್ಲಗೆ’ ಎಂಬ ಪದ ತೋರಿಸುತ್ತಾರೆ.

ಮಕ್ಕಳಿಂದ ಹೇಳಿಸುವಷ್ಟೇ ಮುಖ್ಯವಾದ ಇನ್ನೊಂದು ಕೆಲಸ, ನಾನು ಓದುವಾಗ ನನ್ನ ತಲೆಯಲ್ಲಿ ಏನು ನಡೆಯುತ್ತದೆ ಎಂದು ಗಟ್ಟಿಯಾಗಿ ಹೇಳುವುದು. ‘ಲಕೋಟೆ ಒಡೆದಿದೆ, ಅಂದರೆ ಯಾರೋ ಓದಿಯಾಗಿದೆ. ಯಾರು? ಗೊತ್ತಿಲ್ಲ, ಇಟ್ಟುಕೊಳ್ಳೋಣ. ಹಾಗೇ ಆಯ್ತು, ಹೇಗೆ? ಫೋನಿನ ಆ ಕಡೆಯವರಿಗೆ ಹಿಂದಿನದು ಗೊತ್ತಿರಬೇಕು, ಇಲ್ಲದಿದ್ದರೆ ಬಿಡಿಸಿ ಹೇಳುತ್ತಿದ್ದಳು.’ ಚೆನ್ನಾಗಿ ಓದುವವರಿಗೆ ಎಲ್ಲವೂ ಒಂದೇ ಏಟಿಗೆ ಅರ್ಥವಾಗುತ್ತದೆ ಎಂದು ಮಕ್ಕಳು ತಿಳಿದಿರುತ್ತಾರೆ. ದೊಡ್ಡವರೂ ತಡೆದು ನಿಲ್ಲುತ್ತಾರೆ, ಹಿಂದಕ್ಕೆ ಹೋಗುತ್ತಾರೆ, ಒಂದು ಊಹೆ ಹಿಡಿದು ಆಮೇಲೆ ಬಿಡುತ್ತಾರೆ ಎಂಬುದು ಕಣ್ಣಿಗೆ ಕಾಣುವ ವಿಷಯವಲ್ಲ. ಬಾಯಿಬಿಟ್ಟು ಹೇಳಿದರಷ್ಟೇ ಅವರಿಗೆ ಗೊತ್ತಾಗುವುದು.

‘ಈ ಸಲವೂ’ ಎಂಬಲ್ಲಿನ ‘ಊ’ ಇಡೀ ತುಣುಕಿನ ಕೀಲಿ ಎಂದು ನಿಮಗೆ ಆಗಲೇ ಅನ್ನಿಸಿರಬಹುದು. ಕನ್ನಡದಲ್ಲಿ ಇಂಥ ಸಣ್ಣ ಸಣ್ಣ ಅಂಟುಗಳು ಎಷ್ಟು ಮಾತಾಡುತ್ತವೆ! ಅವಳು ನಕ್ಕಳು. ಅವಳೂ ನಕ್ಕಳು. ಅವಳೇ ನಕ್ಕಳು. ಅವಳು ಮಾತ್ರ ನಕ್ಕಳು. ಅವಳಾದರೂ ನಕ್ಕಳು. ಅವಳು ನಕ್ಕಳಂತೆ. ಪ್ರತಿ ವಾಕ್ಯದಲ್ಲೂ ಬೇರೆಯವರು ಏನು ಮಾಡಿದರು, ಹೇಳುತ್ತಿರುವವನಿಗೆ ಏನನ್ನಿಸಿತು, ಅವನು ಅಲ್ಲಿದ್ದನೋ ಇಲ್ಲವೋ ಎಂದು ಕೇಳಿ ನೋಡಿ. ವ್ಯಾಕರಣದ ಪಿರಿಯಡ್ಡಿನಲ್ಲಿ ಅವ್ಯಯದ ಪಟ್ಟಿ ಬಾಯಿಪಾಠ ಮಾಡಿ ಆಕಳಿಸುವ ಮಕ್ಕಳು ಇಲ್ಲಿ ಜಗಳಕ್ಕೇ ನಿಲ್ಲುತ್ತಾರೆ.

ಕರ್ತೃವನ್ನು ಬಿಟ್ಟುಬಿಡುವ ನಮ್ಮ ಭಾಷೆಯ ಅಭ್ಯಾಸವೂ ಹಾಗೇ. ‘ಅಪ್ಪ ಮಗನ ಕೈಗೆ ಚೀಟಿ ಕೊಟ್ಟರು. ಓದಿ ಸುಮ್ಮನಾದ. ಮತ್ತೇನೂ ಕೇಳಲಿಲ್ಲ.’ ಓದಿದ್ದು ಯಾರು? ಮಗ, ‘ಕೊಟ್ಟರು’ ಎಂದು ಗೌರವದಲ್ಲಿ ಹೇಳಿದ ಬಾಯಿ ಅಪ್ಪನನ್ನು ‘ಸುಮ್ಮನಾದ’ ಎನ್ನುವುದಿಲ್ಲ. ಕೇಳದೆ ಇದ್ದದ್ದು ಯಾರು? ಇಲ್ಲಿ ಕ್ರಿಯಾಪದ ಕೈಕೊಡುತ್ತದೆ, ‘ಕೇಳಲಿಲ್ಲ’ ಎಂಬುದು ಅಪ್ಪನಿಗೂ ಆಗುತ್ತದೆ, ಮಗನಿಗೂ ಆಗುತ್ತದೆ. ದೊಡ್ಡ ಪಾಠಗಳಲ್ಲಿ ಮಕ್ಕಳು ದಾರಿ ತಪ್ಪುವುದು ಹೆಚ್ಚಾಗಿ ಇಂಥ ಕಡೆ. ಯಾರು ಯಾರಿಗೆ ಹೇಳಿದರು ಎಂಬ ಎಳೆ ಒಂದು ಕಡೆ ಕಡಿದರೆ ಮುಂದಿನ ಎರಡು ಪುಟ ಮಂಜು. ಆಳವಾದ ಭಾವ, ಲೇಖಕರ ಆಶಯ ಎಂದೆಲ್ಲ ಕೇಳುವ ಮೊದಲು ‘ಈ ಅವನು ಯಾವನು?’ ಎಂದು ಕೇಳುವುದು ಒಳ್ಳೆಯದು.

ಹಾಗಾದರೆ ಇದನ್ನೆಲ್ಲ ಒಂದು ಕೌಶಲದಂತೆ ಕಲಿಸಿಬಿಟ್ಟರೆ ಮಗು ಯಾವ ಪಠ್ಯವನ್ನಾದರೂ ಬಿಡಿಸಬಲ್ಲದೇ? ಇಲ್ಲ. ರೇಖಾಳ ಮನೆಯಲ್ಲಿ ನಡೆದದ್ದು ಮಕ್ಕಳಿಗೆ ಹೊಳೆದದ್ದು ಮನೆ, ಅಣ್ಣ, ಫಲಿತಾಂಶ ಇವು ಅವರಿಗೆ ಗೊತ್ತಿದ್ದುದರಿಂದ. 1988ರಲ್ಲಿ ರೆಕ್ಟ್ ಮತ್ತು ಲೆಸ್ಲಿ ಎಂಬ ಸಂಶೋಧಕರು ಏಳು, ಎಂಟನೇ ತರಗತಿಯ 64 ಮಕ್ಕಳಿಗೆ ಬೇಸ್‌ಬಾಲ್ ಆಟವೊಂದರ ವಿವರಣೆ ಓದಲು ಕೊಟ್ಟರು. ಓದಿನಲ್ಲಿ ಹಿಂದಿದ್ದರೂ ಆಟ ಚೆನ್ನಾಗಿ ಬಲ್ಲ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ತಿಳಿಯದ ಮಕ್ಕಳಿಗಿಂತ ಹೆಚ್ಚು ನೆನಪಿಟ್ಟುಕೊಂಡು ಹೇಳಿದರು. ಆಟದ ಮಾತಿನಲ್ಲಿ ಹೇಳದೆ ಬಿಟ್ಟ ನೂರು ವಿಷಯಗಳನ್ನು ಅವರು ತಮ್ಮ ತಲೆಯಿಂದಲೇ ತುಂಬಿಕೊಂಡಿದ್ದರು.

ಅಂದರೆ ತಿಳಿವಳಿಕೆ ತುಂಬಿದರೆ ಸಾಕು ಎಂದು ಹೊರಡುವವರಿಗೆ ಇನ್ನೊಂದು ಪ್ರಯೋಗ ಅಡ್ಡ ಬರುತ್ತದೆ. ಕೇಟ್ ಕೇನ್, ಜೇನ್ ಓಕ್‌ಹಿಲ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ್ದು. ಏಳೆಂಟು ವರ್ಷದ ಮಕ್ಕಳಿಗೆ ‘ಗ್ಯಾನ್’ ಎಂಬ ಕಾಲ್ಪನಿಕ ಗ್ರಹದ ಸಂಗತಿಗಳನ್ನು ಮೊದಲು ಕಲಿಸಿದರು, ಅಲ್ಲಿನ ಕರಡಿಗಳ ತುಪ್ಪಳ ನೀಲಿ ಎಂಬಂಥವು. ಎಲ್ಲರಿಗೂ ಅವು ಬಾಯಿಗೆ ಬಂದ ಮೇಲೆ ಆ ಗ್ರಹದಲ್ಲಿ ನಡೆಯುವ ಕಥೆ ಹೇಳಿ, ಆ ಸಂಗತಿಗಳನ್ನು ಜೋಡಿಸಿದರಷ್ಟೇ ಉತ್ತರ ಸಿಗುವ ಪ್ರಶ್ನೆ ಕೇಳಿದರು. ಎಲ್ಲರಿಗೂ ಗೊತ್ತಿದ್ದದ್ದು ಒಂದೇ. ಆದರೂ ಗ್ರಹಿಕೆಯಲ್ಲಿ ಹಿಂದಿದ್ದ ಮಕ್ಕಳು ಕಡಿಮೆ ಜೋಡಿಸಿದರು. ಗೊತ್ತಿರುವುದು ಬೇರೆ, ಗೊತ್ತಿರುವುದನ್ನು ಬೇಕಾದ ಹೊತ್ತಿಗೆ ಹೊರತೆಗೆಯುವುದು ಬೇರೆ. ಈ ಎರಡು ಪ್ರಯೋಗಗಳನ್ನು ಅಕ್ಕಪಕ್ಕ ಇಟ್ಟುಕೊಂಡೇ ನಾನು ಪಾಠ ಯೋಚಿಸುವುದು.

ಕಾರ್ಯರೂಪದಲ್ಲಿ ಇದು ಹೀಗಾಗುತ್ತದೆ: ಇವತ್ತು ತಿಮಿಂಗಿಲ, ನಾಳೆ ಅಂಚೆ, ನಾಡಿದ್ದು ಜ್ವಾಲಾಮುಖಿ ಎಂದು ಬಿಡಿಬಿಡಿ ಗದ್ಯಭಾಗ ಕೊಡುವ ಬದಲು ಒಂದೇ ವಿಷಯದ ಮೇಲೆ ಮೂರು ನಾಲ್ಕು ಬೇರೆ ಬೇರೆ ಬರಹ ಓದಿಸುತ್ತೇನೆ. ಮೊದಲನೆಯದು ತಿಳಿವಳಿಕೆ ಕೊಡುತ್ತದೆ, ಮೂರನೆಯದು ಬರುವಷ್ಟರಲ್ಲಿ ಮಕ್ಕಳು ‘ಇದು ಹಿಂದಿನದರಲ್ಲಿ ಇತ್ತಲ್ಲ’ ಎನ್ನತೊಡಗುತ್ತಾರೆ.

ಮತ್ತು ಇದು ಭಾಷಾ ಶಿಕ್ಷಕರ ಪಾಲಿನ ಕೆಲಸ ಮಾತ್ರ ಎಂದು ಉಳಿದವರು ಕೈತೊಳೆದುಕೊಳ್ಳುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ವಿಜ್ಞಾನದ ಪುಸ್ತಕದಲ್ಲಿ ಬರುವಂಥ ಸಾಲು ತೆಗೆದುಕೊಳ್ಳಿ: ‘ನೀರು ಹೆಪ್ಪುಗಟ್ಟಿದಾಗ ಹಿಗ್ಗುತ್ತದೆ. ಆದ್ದರಿಂದ ಶೀತಪ್ರದೇಶಗಳಲ್ಲಿ ಬಂಡೆಗಳು ಒಡೆಯುತ್ತವೆ.’ ಬರೆದವರಿಗೆ ಇದು ಪೂರ್ತಿ ವಿವರಣೆ. ಮಗುವಿಗೆ ನಡುವೆ ದೊಡ್ಡ ಹಳ್ಳ. ನೀರು ಬಂಡೆಯೊಳಗೆ ಎಲ್ಲಿಂದ ಬಂತು? ಸೀಳಿನಲ್ಲಿ ಇಳಿದದ್ದು. ಹಿಗ್ಗಿದರೆ ಬಂಡೆಗೇನು? ಮಂಜುಗಡ್ಡೆಯಾಗುವಾಗ ನೀರಿನ ಗಾತ್ರ ಸುಮಾರು ಶೇಕಡ 9ರಷ್ಟು ಹೆಚ್ಚುತ್ತದೆ, ಸೀಳಿನಲ್ಲಿ ಅಷ್ಟು ಜಾಗವಿಲ್ಲ, ಅದು ಗೋಡೆಗಳನ್ನು ತಳ್ಳುತ್ತದೆ. ಒಂದೇ ರಾತ್ರಿಗೆ ಒಡೆಯುತ್ತದೆಯೇ? ಇಲ್ಲ, ಕರಗಿ ಮತ್ತೆ ಹೆಪ್ಪುಗಟ್ಟಿ, ಹಲವು ಸಲ. ‘ಆದ್ದರಿಂದ’ ಎಂಬ ಒಂದು ಪದದ ಹಿಂದೆ ಇಷ್ಟೂ ಅಡಗಿದೆ. ‘ಬಂಡೆಗಳು ಏಕೆ ಒಡೆಯುತ್ತವೆ?’ ಎಂದು ಪರೀಕ್ಷೆಯಲ್ಲಿ ಕೇಳಿದರೆ ‘ನೀರು ಹೆಪ್ಪುಗಟ್ಟಿದಾಗ ಹಿಗ್ಗುತ್ತದೆ, ಆದ್ದರಿಂದ’ ಎಂದು ಬರೆದವನಿಗೆ ಪೂರ್ತಿ ಅಂಕ. ಅವನ ಮನಸ್ಸಿನಲ್ಲಿ ನೀರು ಬಂಡೆಯ ಹೊರಗೇ ನಿಂತಿದ್ದರೂ ಯಾರಿಗೂ ತಿಳಿಯುವುದಿಲ್ಲ.

ಗುಂಪಿನಲ್ಲಿ ಓದಿ ಚರ್ಚಿಸುವ ಪದ್ಧತಿಯ ಬಗ್ಗೆ ಒಂದು ಮಾತು. ಪಾಲಿಂಕ್ಸರ್ ಮತ್ತು ಬ್ರೌನ್ ಎಂಬ ಸಂಶೋಧಕರು 1984ರಲ್ಲಿ ಏಳನೇ ತರಗತಿಯ, ಓದಲು ಬರುವ ಆದರೆ ಅರ್ಥವಾಗದ ಮಕ್ಕಳೊಡನೆ ಮಾಡಿ ತೋರಿಸಿದ್ದು ಈಗ ಎಲ್ಲೆಡೆ ಹೆಸರಾಗಿದೆ: ಮಕ್ಕಳೇ ಸರದಿಯಂತೆ ಶಿಕ್ಷಕರಾಗಿ ಸಾರಾಂಶ ಹೇಳುವುದು, ಪ್ರಶ್ನೆ ಕೇಳುವುದು, ತೊಡಕು ಬಿಡಿಸುವುದು, ಮುಂದಿನದನ್ನು ಊಹಿಸುವುದು. ಒಳ್ಳೆಯ ಪದ್ಧತಿ, ಆದರೆ ಬಹಳ ಬೇಗ ಶಾಸ್ತ್ರವಾಗಿಬಿಡುತ್ತದೆ. ನಾಲ್ವರಿಗೆ ನಾಲ್ಕು ಕಾರ್ಡ್ ಹಂಚಿ, ‘ನಾನು ಸಾರಾಂಶ, ನೀನು ಪ್ರಶ್ನೆ’ ಎಂದು ಒಬ್ಬೊಬ್ಬರೂ ತಮ್ಮ ಪಾಲಿನ ಒಂದು ವಾಕ್ಯ ಒಪ್ಪಿಸಿ ಕೂತರೆ ಅದು ನಾಟಕ. ಈ ನಾಲ್ಕರಲ್ಲಿ ನನಗೆ ಹೆಚ್ಚು ಬೆಲೆಯದು ತೊಡಕು ಬಿಡಿಸುವುದು. ‘ನನಗೆ ಇಲ್ಲಿ ಅರ್ಥವಾಗಲಿಲ್ಲ’ ಎಂದು ಬೆರಳಿಟ್ಟು ತೋರಿಸಬಲ್ಲ ಮಗು ಅರ್ಧ ದಾರಿ ಬಂದಂತೆ. ‘ಏನೂ ಅರ್ಥವಾಗಲಿಲ್ಲ’ ಎನ್ನುವ ಮಗುವನ್ನು ಅಲ್ಲಿಗೆ ತರಲು ತಿಂಗಳುಗಳೇ ಬೇಕು. ಮುಂದೇನಾಗಬಹುದು ಎಂಬ ಊಹೆಯಾಟ ಮಕ್ಕಳಿಗೆ ಬಲು ಪ್ರೀತಿ, ಅದಕ್ಕೇ ಅದನ್ನು ಹದವಾಗಿ ಬಳಸಬೇಕು, ಇಲ್ಲದಿದ್ದರೆ ಪಿರಿಯಡ್ಡೆಲ್ಲ ಅದರಲ್ಲೇ ಮುಗಿಯುತ್ತದೆ.

ಇಷ್ಟು ಹೇಳಿದ ಮೇಲೆ ಎದುರಾಗುವ ಮಾತು ಗೊತ್ತೇ ಇದೆ: ಪೋರ್ಷನ್ ಯಾವಾಗ ಮುಗಿಸುವುದು? ಆರು ವಾಕ್ಯಕ್ಕೆ ಒಂದು ಪಿರಿಯಡ್ ಕೊಟ್ಟರೆ ಪುಸ್ತಕ ಮುಗಿಯುವುದುಂಟೇ? ಎಲ್ಲ ವಾಕ್ಯಕ್ಕೂ ಹೀಗೆ ಕೂರಬೇಕಾಗಿಲ್ಲ. ಒಂದು ಪಾಠದಲ್ಲಿ ಒಂದು ಪ್ಯಾರಾ ಆರಿಸಿಕೊಂಡರೆ ಸಾಕು, ಎಲ್ಲಿ ಲೇಖಕರು ಹೆಚ್ಚು ಹೇಳದೆ ಬಿಟ್ಟಿದ್ದಾರೋ ಅಲ್ಲಿ. ಉಳಿದದ್ದನ್ನು ಮಕ್ಕಳು ತಾವೇ ಓದಿಕೊಳ್ಳಲಿ. ಪ್ರಶ್ನೋತ್ತರವನ್ನು ಬೋರ್ಡಿನ ಮೇಲೆ ಬರೆದು ಕಾಪಿ ಮಾಡಿಸುವುದನ್ನು ಬಿಟ್ಟರೆ ಅಷ್ಟು ಹೊತ್ತು ಧಾರಾಳವಾಗಿ ಸಿಗುತ್ತದೆ. ನೋಟ್ಸ್ ಇಲ್ಲ ಎಂದು ಪೋಷಕರು ಬಂದು ಕೇಳುತ್ತಾರೆ, ಅದಕ್ಕೆ ಸಿದ್ಧವಾಗಿರಬೇಕು.

ಪರೀಕ್ಷೆಯಲ್ಲಿ ಇಂಥ ಪ್ರಶ್ನೆಗೆ ಅಂಕ ಹಂಚುವ ರೀತಿಯನ್ನೂ ಬದಲಿಸಿಕೊಂಡಿದ್ದೇನೆ. ಎರಡು ಅಂಕದ ಪ್ರಶ್ನೆಯಾದರೆ ಉತ್ತರಕ್ಕೆ ಒಂದು, ಅದಕ್ಕೆ ಆಧಾರವಾದ ಪದವನ್ನೋ ಸಾಲನ್ನೋ ತೋರಿಸಿದ್ದಕ್ಕೆ ಒಂದು. ಉತ್ತರ ನಾನು ಅಂದುಕೊಂಡದ್ದಲ್ಲದಿದ್ದರೂ ಆಧಾರ ಗಟ್ಟಿಯಾಗಿದ್ದರೆ ಎರಡೂ ಅಂಕ ಕೊಟ್ಟದ್ದುಂಟು. ಉತ್ತರ ಸರಿಯಿದ್ದು ಆಧಾರವಾಗಿ ಸಿಕ್ಕ ಸಾಲು ಇಳಿಸಿದವರಿಗೆ ಒಂದೇ. ‘ನಂದು ಕರೆಕ್ಟಿದೆಯಲ್ಲ ಮಿಸ್’ ಎಂದು ಪೇಪರ್ ಹಿಡಿದು ಬರುವವರು ಹೆಚ್ಚಾಗಿ ಇವರೇ. ಇಂಥ ಉತ್ತರಗಳನ್ನು ತಿದ್ದಲು ಬಹಳ ಹೊತ್ತು ಬೇಕು, ಒಂದೊಂದನ್ನೂ ಪಠ್ಯದ ಜೊತೆ ಹಿಡಿದು ನೋಡಬೇಕು. ಹಾಗಾಗಿ ಒಂದು ಪತ್ರಿಕೆಯಲ್ಲಿ ಎರಡಕ್ಕಿಂತ ಹೆಚ್ಚು ಇಡುವುದಿಲ್ಲ. ಉಳಿದವು ಇನ್ನೂ ಗಿಮ್ಮುಳಿ ಜಾತಿಯವೇ, ಅವೂ ಬೇಕು. ಹೇಳಿದ್ದನ್ನು ಹುಡುಕಲು ಬಾರದವರಿಗೆ ಹೇಳದ್ದು ಸಿಗುವುದು ಹೇಗೆ?